ತಿಪ್ಪವ್ವನ ಮಗ

ಮಗು ಹುಟ್ಟಿ ಹತ್ತು ದಿನಕ್ಕೆ ತುಮಕೂರಿನ ಆಸ್ಪತ್ರೆಯಿಂದ ಫೋನ್ ಬಂತು. ಎರಡನೇ ದಿನ ಹಿಮ್ಮಡಿ ಚುಚ್ಚಿ ತೆಗೆದಿದ್ದ ರಕ್ತದಲ್ಲಿ ಏನೋ ಕಮ್ಮಿ ಕಾಣುತ್ತಿದೆ, ಇನ್ನೊಂದು ಸಲ ಪರೀಕ್ಷೆ ಮಾಡಬೇಕು, ಕರೆದುಕೊಂಡು ಬನ್ನಿ ಅಂದರು. ಅಷ್ಟೇ ಸಾಕಾಯಿತು ನೋಡಿ, ಮಗುವಿನ ಅಜ್ಜಿ ದೊಡ್ಡಗಂಗಮ್ಮ ಕೈಲಿದ್ದ ಹಾಲಿನ ಚೊಂಬನ್ನು ಅಲ್ಲೇ ಇಟ್ಟು ಮೊಮ್ಮಗನ ಹತ್ತಿರ ಓಡಿದಳು.

ಗುಬ್ಬಿಯ ಪಕ್ಕದ ಹಳ್ಳಿಯ ದೊಡ್ಡಗಂಗಮ್ಮ ಅಂದರೆ ಸಾಮಾನ್ಯಳಲ್ಲ. ಗಂಡ ಚಿಕ್ಕರಂಗಯ್ಯ ತೀರಿಕೊಂಡ ಮೇಲೆ ನಾಲ್ಕು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ಒಬ್ಬಳೇ ಮಗಳು ತನುಶ್ರೀಯನ್ನು ಓದಿಸಿ, ಕುಣಿಗಲ್‌ನ ಹೈಸ್ಕೂಲ್ ಮೇಷ್ಟ್ರು ಅಂಜನ್‌ಕುಮಾರ್‌ಗೆ ಕೊಟ್ಟು ಮದುವೆ ಮಾಡಿದವಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಹಟ ಹಿಡಿದು ಮಗಳನ್ನು ಕರೆಸಿಕೊಂಡಿದ್ದಳು. ಮೊಮ್ಮಗನಿಗೆ ಎಣ್ಣೆ ನೀರು ಹಾಕುವಾಗ ನನ್ ಬಂಗಾರಾ, ನನ್ ಕಳ್ಳಾ, ನಮ್ಮಪ್ಪಾ ಎಂದು ಅವಳು ಬಡಬಡಿಸುವುದನ್ನು ಕೇಳಿ, ಅವ್ವನಿಗೆ ಈಗ ನಾನು ಲೆಕ್ಕಕ್ಕೇ ಇಲ್ಲ ಎಂದು ತನುಶ್ರೀ ನಗುತ್ತಿದ್ದಳು.

ತನುಶ್ರೀಗೇನು ಮುದ್ದು ಕಮ್ಮಿಯೇ? ಇವತ್ತಿಗೂ ಮನೆಯಲ್ಲಿ ಅವಳು ತಿಪ್ಪವ್ವ. ಹುಟ್ಟಿದ ಮೂರನೇ ದಿನ ಅವಳನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟಿದ್ದರು. ಪಕ್ಕದ ಮನೆಯ ಮುದ್ದಯ್ಯನ ಹೆಂಡತಿ, ಯಾರೋ ಬಿಸಾಡಿದ ಕೂಸು ಎಂದು ಎತ್ತಿಕೊಂಡು ಬಂದು, ಒಂದು ಸೇರು ತೌಡಿಗೆ ಹೆತ್ತವಳಿಗೇ ಮಾರಿದ್ದಳು. ಮಕ್ಕಳು ಉಳಿಯದ ಮನೆಯಲ್ಲಿ ಮಾಡುವ ಶಾಸ್ತ್ರ ಅದು; ಯಾರಿಗೂ ಬೇಡದ ಕೂಸೆಂದರೆ ಸಾವು ಕೂಡ ಅದರ ತಂಟೆಗೆ ಬರುವುದಿಲ್ಲ ಎಂದು ಹಿಂದಿನವರ ನಂಬಿಕೆ. ತನುಶ್ರೀಗಿಂತ ಮುಂಚೆ ದೊಡ್ಡಗಂಗಮ್ಮನಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿ, ಕೆಮ್ಮಿ ಕೆಮ್ಮಿ, ವರ್ಷ ತುಂಬುವ ಮೊದಲೇ ಹೋಗಿದ್ದರು. ಎರಡನೆಯವನನ್ನು ಮಣ್ಣು ಮಾಡಿ ಬಂದ ದಿನ ಅವಳ ಅತ್ತೆ, ಮಕ್ಕಳನ್ನ ತಿನ್ನೋ ಹೊಟ್ಟೆ ಅಂದಿದ್ದಳು. ಆ ಮಾತು ತಾಳಲಾರದೆ ಗಂಡ ಹೆಂಡತಿ ಹೆಬ್ಬೂರು ಕಡೆಯ ಊರನ್ನೇ ಬಿಟ್ಟು ಇಲ್ಲಿಗೆ ಬಂದರು. ನಿನಗೆ ಅಣ್ಣಂದಿರಿದ್ದರು ಎಂದು ಮಗಳಿಗೆ ಅವಳು ಹೇಳಲೇ ಇಲ್ಲ. ತಿಪ್ಪವ್ವ ಅನ್ನುವುದು ತಮಾಷೆಯ ಹೆಸರು ಎಂದೇ ತನುಶ್ರೀ ತಿಳಿದಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಕಾವ್ಯ ಮತ್ತೆ ರಕ್ತ ತೆಗೆಸಿ, ಸಮಾಧಾನವಾಗಿ ಬಿಡಿಸಿ ಹೇಳಿದರು. ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಈ ಮಗುವಿನಲ್ಲಿ ಇಲ್ಲವೇನೋ ಎಂಬ ಅನುಮಾನ. ಹುಟ್ಟಿನಿಂದಲೇ ಬರುವ ತೊಂದರೆ. ನೋಡುವುದಕ್ಕೆ ಮಗು ಗುಂಡುಕಲ್ಲಿನ ಹಾಗಿರುತ್ತದೆ, ಆದರೆ ಬೇರೆ ಮಕ್ಕಳಿಗೆ ಬಂದು ಹೋಗುವ ನೆಗಡಿಯೂ ಇದರ ಪ್ರಾಣಕ್ಕೇ ಬರಬಹುದು. ಖಚಿತವಾಗುವ ತನಕ ಬಿಸಿಜಿ ಲಸಿಕೆ ಬೇಡ, ಮುತ್ತು ಕೊಡುವುದು ಬೇಡ, ದನ, ಗೊಬ್ಬರ, ಧೂಳಿನ ಹತ್ತಿರ ಸುಳಿಸುವುದಂತೂ ಬೇಡವೇ ಬೇಡ. ಕೊನೆಗೆ ಅವರು ಪೆನ್ನು ಹಿಡಿದು, ತಾಯಿಯ ಕಡೆ ಗಂಡುಮಕ್ಕಳು ಎಳೆತನದಲ್ಲೇ ತೀರಿಕೊಂಡದ್ದು ಇದೆಯಾ ಎಂದು ಕೇಳಿದರು. ತಾನೊಬ್ಬಳೇ ಮಗಳು ಎಂದಳು ತನುಶ್ರೀ. ಡಾಕ್ಟರು ದೊಡ್ಡಗಂಗಮ್ಮನ ಮುಖ ನೋಡಿದರು. ಪಕ್ಕದಲ್ಲೇ ಅಳಿಯ ಕೂತಿದ್ದ. ತನಗೆ ಅತ್ತೆ ಅಂದ ಮಾತನ್ನೇ ನಾಳೆ ಬೀಗರು ಮಗಳಿಗೂ ಅಂದರೆ? ಇಲ್ಲ ಎಂದು ತಲೆಯಾಡಿಸಿಬಿಟ್ಟಳು.

ಹಾಗಂತ ಸುಮ್ಮನೆ ಕೂರುವ ಜೀವವೇ ಅದು? ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಮಾರನೆಯ ಬೆಳಿಗ್ಗೆ ತಿಪ್ಪೆಯ ಮೇಲೆ ಬಾಳೆ ಎಲೆ ಹಾಸಿ, ಹೊಸ ಮೊರ ತೊಳೆದಿಟ್ಟಳು. ಮಗಳು ಸ್ನಾನಕ್ಕೆ ಹೋದದ್ದೇ ತಡ, ಕೂಸನ್ನೆತ್ತಿಕೊಂಡು ಹಿತ್ತಿಲಿಗೆ ನಡೆದಳು. ಡಾಕ್ಟರಮ್ಮನ ಮಾತು ನೆನಪಿರಲಿಲ್ಲ ಅಂತಲ್ಲ. ಒಂದು ಗಳಿಗೆ ಇಟ್ಟು ಎತ್ತಿದರೆ ಏನಾದೀತು, ನಮ್ಮ ತಿಪ್ಪವ್ವ ಇಪ್ಪತ್ತೇಳು ವರ್ಷ ಬದುಕಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಬದುಕಿದ್ದಾಳೆ, ನಿಜ. ಗಂಡು ಎರಡೂ ಹೋದವು, ಹೆಣ್ಣು ಉಳಿಯಿತು. ಅಲ್ಲಿಗೆ ದೊಡ್ಡಗಂಗಮ್ಮನ ಕಾಲು ನಿಂತುಬಿಟ್ಟಿತು. ಡಾಕ್ಟರಮ್ಮ ಕೇಳಿದ್ದು ಗಂಡುಮಕ್ಕಳ ವಿಷಯ ಮಾತ್ರ. ಹೆತ್ತ ಮಗಳಿಗೂ ಹೇಳದ ಸಂಗತಿ ಆ ಹೆಂಗಸಿಗೆ ಹೇಗೆ ಹೊಳೆಯಿತು? ಹಾಗಾದರೆ ತನ್ನ ಮಕ್ಕಳು ಯಾಕೆ ಸತ್ತರು ಅನ್ನುವುದು ಅವರಿಗೆ ಗೊತ್ತಿರಬೇಕು. ತಿಪ್ಪೆಯಿಂದ ನೊಣಗಳು ಗುಂಯ್ ಎಂದು ಎದ್ದವು. ಅವಳು ಸೆರಗಿನಿಂದ ಮಗುವಿನ ಮುಖ ಮುಚ್ಚಿಕೊಂಡು ಮನೆಯೊಳಕ್ಕೆ ಓಡಿದಳು.

ಕೂಸನ್ನು ಮಲಗಿಸಿ, ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡು, ರಜೆ ಹಾಕಿ ಅಲ್ಲೇ ಉಳಿದಿದ್ದ ಅಳಿಯನ ಮುಂದೆ ಬಂದು ನಿಂತಳು.

"ನಿನ್ನೆ ಸುಳ್ಳು ಹೇಳ್ಬುಟ್ಟೆ ಕಣ್ರಪ್ಪ. ನಂಗೆ ಇಬ್ರು ಗಂಡುಮಕ್ಳು ಇದ್ರು, ಉಳೀಲಿಲ್ಲ. ಬೈಯೋದಿದ್ರೆ ನನ್ನ ಬೈಯಿರಿ, ನನ್ ಮಗಳ್ನ ಏನೂ ಅನ್ಬೇಡಿ."

ಅಂಜನ್‌ಕುಮಾರ್ ಅತ್ತೆಯನ್ನು ಕೈ ಹಿಡಿದು ಕೂರಿಸಿ, ಡಾಕ್ಟರಿಗೆ ಫೋನ್ ಹಚ್ಚಿ ಅವಳ ಕೈಗೇ ಕೊಟ್ಟ. ನಿಮಗಿಂತ ಚೆನ್ನಾಗಿ ಇನ್ಯಾರು ಹೇಳಬಲ್ಲರು ಅಂದ. ಯಾವ ತಿಂಗಳಲ್ಲಿ ಕೆಮ್ಮು ಶುರುವಾಯಿತು, ಎಷ್ಟು ದಿನ ನರಳಿದರು ಎಂದೆಲ್ಲ ಡಾಕ್ಟರು ಕೇಳಿದರು. ಮೂವತ್ತು ವರ್ಷದ ಹಿಂದಿನದನ್ನು ದೊಡ್ಡಗಂಗಮ್ಮ ವಾರ ಸಮೇತ ಹೇಳಿದಳು.

ಈ ತೊಂದರೆಯಲ್ಲಿ ಒಂದು ಬಗೆ ತಾಯಿಯಿಂದ ಇಳಿದು ಬರುತ್ತದೆ, ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಮಕ್ಕಳನ್ನು ಹಿಡಿಯುತ್ತದೆ ಎಂದರು ಡಾಕ್ಟರು.

"ಹಂಗಾರೆ ನನ್ನಿಂದ್ಲೇ ಬಂತಾ?"

"ಬಂದಿರಬಹುದು ಅಮ್ಮ. ಆದ್ರೆ ಅದು ನಿಮ್ಮ ತಪ್ಪಲ್ಲ. ನಿಮ್ಮ ಮಕ್ಕಳ ವಿಷಯ ಹೇಳಿದ್ರಲ್ಲ, ಏನು ಹುಡುಕಬೇಕು ಅಂತ ಈಗ ನಮಗೆ ಗೊತ್ತಾಯ್ತು."

ಈವತ್ತೇ ಮಗುವನ್ನು ಕರೆತನ್ನಿ, ಪ್ರತ್ಯೇಕ ರೂಮಿನಲ್ಲಿ ಇಟ್ಟುಕೊಳ್ಳುತ್ತೇವೆ; ಖಚಿತವಾದರೆ ಬೆಂಗಳೂರಿನಲ್ಲಿ ಅಸ್ಥಿಮಜ್ಜೆಯ ಕಸಿ ಮಾಡುತ್ತಾರೆ; ಸೋಂಕು ತಗಲುವ ಮುಂಚೆ, ಇಷ್ಟು ಬೇಗ ಗೊತ್ತಾದರೆ ಬಹುತೇಕ ಮಕ್ಕಳು ಉಳಿಯುತ್ತವೆ ಅಂದರು. ಉಳಿಯುತ್ತವೆ ಅನ್ನುವ ಒಂದೇ ಮಾತಿಗೆ ದೊಡ್ಡಗಂಗಮ್ಮನಿಗೆ ದುಃಖ ಒತ್ತರಿಸಿ ಬಂತು. ಅತ್ತೆಯ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಹೊತ್ತಿದ್ದವಳು ಮನಸಾರೆ ಅತ್ತಳು.

ತನುಶ್ರೀ ಒದ್ದೆ ಕೂದಲಲ್ಲೇ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಅವ್ವನ ಪಕ್ಕ ಕೂತಳು.

"ಅವ್ರ ಹೆಸರೇನವ್ವ?"

"ದೊಡ್ಡೋನು ಶಿವರಾಮ. ಚಿಕ್ಕೋನು ಪುಟ್ಟರಂಗ." ಆ ಹೆಸರುಗಳನ್ನು ಬಾಯಿಬಿಟ್ಟು ಹೇಳಿ ಮೂವತ್ತು ವರ್ಷವಾಗಿತ್ತು. ದೊಡ್ಡಗಂಗಮ್ಮ ದೂರದಿಂದಲೇ ಮೊಮ್ಮಗನನ್ನು ನೋಡಿದಳು. "ಸೋದರಮಾವಂದ್ರು ಮಾಡ್ಬೇಕಾದ್ದನ್ನ ಮಾಡವ್ರೆ ಕಣೇ ಅವ್ರು."