ತೊಬ್ವಾದ ಮಡಕೆ

"ಇನ್ನೊಂದ್ ಸಲ ಆ ಔಷಧಿ ನೀರು ತಂದ್ರೆ ಬಕೆಟ್ ಸಮೇತ ನಿನ್ ತಲೆ ಮೇಲೆ ಸುರೀತೀನಿ ನೋಡು!" ಫಲೇಸಿ ಚಿಕ್ಕಮ್ಮ ಬಕೆಟ್ಟನ್ನು ಕಾಲಿನಿಂದ ಆಚೆ ತಳ್ಳಿದಳು.

ತಡಾಲ ತಲೆ ತಗ್ಗಿಸಿದಳು. ಸರೋವರದ ಆಚೆ ದಡದಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಈ ಊರಿಗೆ ಕಾಲಿಡುವ ಮೊದಲೇ ತಡೆಯಬೇಕೆಂದು, ಓದು ಮುಗಿಸಿ ಮನೆಯಲ್ಲೇ ಇದ್ದ ಅವಳ ಕೈಗೆ ಆರೋಗ್ಯ ಕೇಂದ್ರದವರು ಕ್ಲೋರಿನ್ ಬಾಟಲಿ ಕೊಟ್ಟಿದ್ದರು. ಕೈಪಂಪಿನ ಬಳಿ ನಿಂತು ಬಂದವರ ಬಕೆಟ್ಟಿಗೆ ಅದನ್ನು ಹಾಕುವುದೇನೋ ಸುಲಭ. ಯಾಕೆ ಎಂದು ಹೇಳುವುದೇ ಕಷ್ಟ. ನಾಲ್ಕು ಜನ ತನ್ನ ಕಡೆ ತಿರುಗಿದರೆ ಅವಳು ಹೇಳಬೇಕಾದ್ದನ್ನು ಬಿಟ್ಟು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಲ್ಲುತ್ತಿದ್ದಳು.

ದೋಣಿಗಳು ದಡಕ್ಕೆ ಬಂದಿದ್ದವು. ರಾತ್ರಿಯಿಡೀ ಬಲೆ ಎಳೆದವರು ಚಿಕ್ಕಮ್ಮ ತೊಬ್ವಾ ಮಾರುವ ಮಡಕೆಯ ಸುತ್ತ ಕುಕ್ಕರುಗಾಲಲ್ಲಿ ಕೂತರು. ಮೆಕ್ಕೆಜೋಳದ ಗಂಜಿಗೆ ಮೊಳಕೆ ರಾಗಿ ಹಾಕಿ ಹುಳಿ ಬರಿಸಿದ ತೊಬ್ವಾ ಹೊಟ್ಟೆಗೆ ಬೀಳದೆ ಅವರು ಮನೆಗೆ ಹೋಗುವವರಲ್ಲ.

"ನಿನ್ನೇದು ಆಸ್ಪತ್ರೆ ನಾತ ಹೊಡೀತಿತ್ತಲ್ಲಮ್ಮ," ಎಂದ ಮುದುಕ ಸಿನೋಯ. "ಇವತ್ತೂ ಹಂಗೇ ಇದ್ರೆ ನಾನು ಆ ಕಡೆ ಅಂಗಡಿಯವಳ ಹತ್ರ ಹೋದೆ."

"ಹೋಗಪ್ಪ, ಯಾರ್ ಬೇಡ ಅಂದ್ರು? ಅವಳ ತೊಬ್ವಾ ನೋಡಿದ್ರೆ ನಿನ್ ಬುಟ್ಟೀಲಿರೋ ಸತ್ತ ಮೀನೂ ಎದ್ದು ಓಡ್ತವೆ."

ಎಲ್ಲರೂ ನಕ್ಕರು. ಚಿಕ್ಕಮ್ಮ ಚೊಂಬು ಹಿಡಿದು, ಮಕ್ಕಳು ಮೀಯುತ್ತಿದ್ದ ಕಡೆಯೇ ಸರೋವರಕ್ಕಿಳಿದು ನೀರು ಮೊಗೆದು ತಂದಳು. ಗಟ್ಟಿಯಾಗಿದ್ದ ಗಂಜಿಗೆ ಅದನ್ನು ಸುರಿದು ಸೌಟು ತಿರುಗಿಸಿದಳು.

"ಹಂಗ್ ನೋಡ್ಬೇಡ," ಎಂದಳು ತಡಾಲಳಿಗೆ. "ನಿನ್ನೆ ಮಧ್ಯಾಹ್ನವೆಲ್ಲ ಕುದಿಸಿದೀನಿ. ಯಾವ ರೋಗ ಉಳಿಯತ್ತೆ ಅದ್ರಲ್ಲಿ?"

ಕುದಿದದ್ದು ಗಂಜಿ. ಈ ನೀರಲ್ಲ. ತಡಾಲಳಿಗೆ ಅದು ಗೊತ್ತಿತ್ತು. ಅವಳ ಅಮ್ಮ ಇದೇ ದಡದಲ್ಲಿ ಬೆಳಿಗ್ಗೆ ಬಟ್ಟೆ ಒಗೆದು ಬಂದವಳು, ಕಾಲರಾ ಬಡಿದು ಸಂಜೆಗೆ ಇರಲಿಲ್ಲ. ಆ ಮಳೆಗಾಲ ಅಕ್ಕನ ಮಗಳನ್ನು ಬೆನ್ನಿಗೆ ಕಟ್ಟಿಕೊಂಡ ಚಿಕ್ಕಮ್ಮ, ಅವಳು ನಡೆಯಲು ಕಲಿತ ಮೇಲೂ ಎಷ್ಟೋ ದಿನ ಕೆಳಗೆ ಇಳಿಸಿರಲಿಲ್ಲ.

ಸಿನೋಯ ಲೋಟ ಚಾಚಿದ. ತಡಾಲ ಒಂದು ಲೋಟ ಎತ್ತಿಕೊಂಡು ಅವನ ಮುಂದೆ ಬಂದು ಮಂಡಿಯೂರಿದಳು. ಎರಡೂ ಕೈಯಲ್ಲಿ ಅದನ್ನು ಮುಂದೆ ಹಿಡಿದಳು.

"ಮೊದ್ಲು ನಂಗೆ ಹಾಕು, ಚಿಕ್ಕಮ್ಮ."

"ನೀನು ಆಮೇಲೆ ಕುಡೀವಿಯಂತೆ, ಏಳು."

"ಈಗ್ಲೇ ಹಾಕು."

"ಹಾಕಮ್ಮ ಮಗೂಗೆ, ಎಷ್ಟೊತ್ತು ಕಾಯ್ಸ್ತೀಯ?" ಎಂದ ಸಿನೋಯ.

ಚಿಕ್ಕಮ್ಮ ಸೌಟು ತುಂಬಿ ಎತ್ತಿದಳು. ಅದು ಲೋಟದ ಮೇಲೆ ಬಂದು ನಿಂತಿತು. ತುದಿಯಿಂದ ಒಂದು ಹನಿ ಮರಳಿಗೆ ಬಿತ್ತು. ಚಿಕ್ಕಮ್ಮ ತಡಾಲಳ ಮುಖವನ್ನೇ ನೋಡುತ್ತಿದ್ದಳು.

ಸೌಟು ಮಡಕೆಗೆ ವಾಪಸು ಹೋಯಿತು. "ಇವತ್ತು ತೊಬ್ವಾ ಇಲ್ಲ. ಎದ್ದೋಗ್ರೋ ಎಲ್ಲ!" ಎಂದವಳೇ ಮಡಕೆಯ ಕೊರಳು ಹಿಡಿದು ಮರಳಿನ ಮೇಲೆ ಬೋರಲು ಹಾಕಿದಳು. ಬೈಯುತ್ತಲೇ ಎಲ್ಲರೂ ಎದ್ದರು.

ಚೆಲ್ಲಿದ ಗಂಜಿಯ ವಾಸನೆಗೆ ಅಕ್ಕಪಕ್ಕದ ಕೋಳಿಗಳೆಲ್ಲ ಓಡಿಬಂದವು. ಚಿಕ್ಕಮ್ಮ ನಡುವಿಗೆ ಮೇಲಿಂದ ಸುತ್ತಿದ್ದ ಬಟ್ಟೆ ಬಿಚ್ಚಿ ಬೀಸುತ್ತ, ಒದ್ದೆ ಮರಳಿನ ಸುತ್ತ ತಿರುಗಿದಳು.

"ಹುಶ್! ಹುಶ್! ಮುಟ್ಬೇಡ್ರೇ ಅದನ್ನ, ಹುಶ್!"