ನನ್ನ ಕಿವಿಯ ಸುದ್ದಿ

ಮೇಲಿನ ಸ್ವರಗಳು ನನಗೆ ಸರಿಯಾಗಿ ಕೇಳಿಸುತ್ತಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಪಿಯಾನೋಗಳಿಗೆ ಶ್ರುತಿ ಕೂಡಿಸಿ ಹೊಟ್ಟೆ ಹೊರೆಯುವವನು ಕಿವಿ ಮಂದವಾಗಿದೆ ಎಂದು ಬಾಯಿಬಿಟ್ಟರೆ ಮುಗಿಯಿತು, ಮನೆಯಲ್ಲಿ ಕೂತು ನೊಣ ಹೊಡೆಯಬೇಕು. ಹಾಗಾಗಿ ಆ ಮೇಲಿನ ಸ್ವರಗಳಿರುವ ಬಲತುದಿಯ ಕೀಗಳ ಸರದಿ ಬಂದಾಗ ದವಡೆಯನ್ನು ಪಿಯಾನೋದ ಮರಕ್ಕೆ ಒತ್ತಿ, ತಂತಿಯ ನಡುಕವನ್ನು ಹಲ್ಲಿನಲ್ಲಿ ಹಿಡಿದು ಬಿರಡೆ ತಿರುಗಿಸುತ್ತಿದ್ದೆ. ನೋಡಿದವರು ಎಂಥ ತನ್ಮಯತೆ ಎನ್ನುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ. ಫೋನ್ ಬಂದರೆ ಸ್ಪೀಕರ್‌ಗೆ ಹಾಕುತ್ತಿದ್ದೆ. ಕೈಗೆ ಬಿಡುವಿಲ್ಲ ಎಂಬ ನೆಪ ಸದಾ ಸಿದ್ಧವಿರುತ್ತಿತ್ತು.

ಒಂದು ಸಂಜೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಶ್ರವಣ ಯಂತ್ರ ಮಾರುವವರ ವೆಬ್‌ಸೈಟನ್ನು ಫೋನಿನಲ್ಲಿ ತೆರೆದೆ. ಹೆಸರು ಬರೆಯಲಿಲ್ಲ, ನಂಬರ್ ಕೊಡಲಿಲ್ಲ. ಕಿವಿಯೊಳಗೆ ಯಾರಿಗೂ ಕಾಣದಂತೆ ಅಡಗಿ ಕೂರುವಂಥದ್ದು ಇದೆಯೇ ಎಂದು ಚಿತ್ರಗಳನ್ನಷ್ಟೇ ನೋಡಿ, ಮುಚ್ಚಿ, ಸುಮ್ಮನೆ ಕೈ ತೊಳೆದುಕೊಂಡು ಹೊರಬಂದೆ.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು.

"ನಮಸ್ಕಾರ ಸರ್, ನಿನ್ನೆ ನಮ್ಮ ಶ್ರವಣ ಯಂತ್ರ ನೋಡ್ತಿದ್ರಲ್ಲ..."

"ನನ್ನ ನಂಬರ್ ನಿಮಗೆ ಯಾರು ಕೊಟ್ಟಿದ್ದು?"

"ನಮ್ಮ ಸಿಸ್ಟಮ್‌ನಲ್ಲಿ ಬಂದಿದೆ ಸರ್."

ಬಂದಿದೆಯಂತೆ! ಆಕಾಶದಿಂದ ಉದುರಿತೇ? ಅಂದಿನಿಂದ ದಿನವೂ ಇದೇ ಗೋಳು. ಪ್ರತಿ ಸಲ ಬೇರೆ ನಂಬರ್, ಅದೇ ಸಿಹಿ ದನಿ. ಬ್ಲಾಕ್ ಮಾಡಿ ಮಾಡಿ ಬೆರಳು ಸವೆಯಿತು. ಗುರುತಿಲ್ಲದ ನಂಬರ್ ಎತ್ತುವುದೇ ಬೇಡವೆಂದರೆ, ನನಗೆ ಕೆಲಸ ಬರುವುದೇ ಗುರುತಿಲ್ಲದ ನಂಬರುಗಳಿಂದ.

ತಲೆ ಕೆಟ್ಟು ಸೀದಾ ಮೊಬೈಲ್ ಕಂಪನಿಯ ಮಳಿಗೆಗೆ ಹೋದೆ. ಟೋಕನ್ ಕೊಟ್ಟು ಕೂರಿಸಿದರು. ನನ್ನ ಸರದಿ ಬಂದಾಗ ಗಾಜಿನ ಮೇಜಿನ ಹಿಂದಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಇದೇನು ಮಹಾ ಎಂಬಂತೆ ವಿವರಿಸಿದಳು.

"ವೈಫೈ ಇಲ್ದೆ ನಮ್ಮ ಡೇಟಾದಲ್ಲಿ ನೋಡಿದ್ರೆ, ಕೆಲವು ಸೈಟ್‌ಗಳಿಗೆ ನಿಮ್ಮ ನಂಬರೂ ಜೊತೆಗೆ ಹೋಗುತ್ತೆ ಸರ್."

"ಹೋಗೋಕೆ ಅದಕ್ಕೇನು ಕಾಲಿದ್ಯಾ? ಕಳಿಸೋರು ನೀವೇ ತಾನೇ?"

"ನೆಟ್‌ವರ್ಕ್ ಕಳಿಸುತ್ತೆ ಸರ್."

"ಆ ನೆಟ್‌ವರ್ಕ್ ಯಾರದ್ದಮ್ಮಾ?"

"ನಮ್ದೇ. ಆದ್ರೆ ಸಿಮ್ ತಗೊಳ್ಳುವಾಗ ನೀವು ಒಪ್ಪಿದೀರಲ್ಲ ಸರ್."

"ನಾನು ಒಪ್ಪಿದ್ದು ಮಾತಾಡೋಕೆ! ನನ್ನ ಕಿವಿ ಕೇಳಿಸಲ್ಲ ಅಂತ ಊರಿಗೆಲ್ಲ ಡಂಗುರ ಸಾರೋಕಲ್ಲ!"

ಟೋಕನ್ ಹಿಡಿದು ಕೂತಿದ್ದವರೆಲ್ಲ ತಿರುಗಿ ನನ್ನ ಕಿವಿ ನೋಡಿದರು. ನನ್ನ ಬಾಯಿಗೆ ನಾನೇ ಒಂದು ಬಾರಿಸಿಕೊಳ್ಳಬೇಕೆನಿಸಿತು.

ಹುಡುಗಿ ಏನೋ ಒತ್ತಿದಳು. "ನಿಲ್ಲಿಸಿದೀನಿ ಸರ್. ಇನ್ಮೇಲೆ ಕರೆ ಬರಲ್ಲ." ಅಲ್ಲೇ ಮೆಸೇಜೂ ಬಂತು: ನಿಮ್ಮ ಖಾಸಗಿತನ ನಮಗೆ ಅಮೂಲ್ಯ. ನಂಬಿದೆ. ನಂಬದೆ ಇನ್ನೇನು ಮಾಡಲಿ?

ಆ ವಾರವೇ ಸಂಗೀತ ಶಾಲೆಯ ಸಭಾಂಗಣದಲ್ಲಿದ್ದ ದೊಡ್ಡ ಪಿಯಾನೋಗೆ ಶ್ರುತಿ ಕೂಡಿಸಲು ಹೋದೆ. ಮನೆಮನೆಯ ಕೆಲಸ ಏನೇ ಇದ್ದರೂ ನನ್ನನ್ನು ಸಾಕುತ್ತಿದ್ದುದು ಈ ಶಾಲೆ. ಅದನ್ನು ನಡೆಸುವ ಮೇಡಂ ಪಕ್ಕದಲ್ಲೇ ಕುರ್ಚಿ ಜೋಡಿಸುತ್ತಿದ್ದರು. ನನ್ನ ಒಂದು ಕೈ ಬಿರಡೆಯ ಮೇಲೆ, ಇನ್ನೊಂದು ಕೀ ಮೇಲೆ, ದವಡೆ ಮರದ ಮೇಲೆ. ಪಕ್ಕದಲ್ಲಿಟ್ಟಿದ್ದ ಫೋನ್ ಬೆಳಗಿತು. ಹೊಸ ನಂಬರ್, ಗಿರಾಕಿ ಇರಬೇಕು ಎಂದುಕೊಂಡು ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದೆ.

"ನಮಸ್ಕಾರ ಸರ್! ನಿಮ್ಮ ಕಿವಿ ಸಮಸ್ಯೆಗೆ ನಮ್ಮಲ್ಲಿ ಉಚಿತ ತಪಾಸಣೆ ಇದೆ. ಯಾವ ಕಿವಿ ಕೇಳಿಸಲ್ಲ ಸರ್, ಎಡದ್ದಾ, ಬಲದ್ದಾ?"

ಆ ಸಭಾಂಗಣ ಕಟ್ಟಿದವರು ಪುಣ್ಯಾತ್ಮರು. ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುತ್ತದೆ. ನಾನು ಕರೆ ಕತ್ತರಿಸುವಷ್ಟರಲ್ಲಿ ಮೇಡಂ ಕುರ್ಚಿ ಬಿಟ್ಟು ನನ್ನ ದವಡೆಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ತನ್ಮಯತೆ ಎಂದುಕೊಂಡದ್ದು ಏನೆಂದು ಅವರಿಗೆ ಗೊತ್ತಾಗಿಹೋಯಿತು. ಕೆಲಸ ಮುಗಿದ ಮೇಲೆ ತಾವೇ ಕೂತು ಒಂದೊಂದು ಕೀಯನ್ನೂ ನುಡಿಸಿ ನೋಡಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಎಲ್ಲೂ ತಪ್ಪು ಸಿಗಲಿಲ್ಲ. ಆದರೂ ಹೊರಡುವಾಗ ನನ್ನ ಮುಖದ ಹತ್ತಿರ ಬಂದು, ಒಂದೊಂದೇ ಪದ ಬಿಡಿಸಿ, ಜೋರಾಗಿ ಹೇಳಿದರು.

"ಯಜಮಾನ್ರೇ, ಮುಂದಿನ ಸಲ... ಬೇಕಾದ್ರೆ... ನಾವೇ ಫೋನ್ ಮಾಡ್ತೀವಿ!"

"ಕೇಳಿಸುತ್ತೆ ಮೇಡಂ," ಎಂದೆ.

ಮನೆಗೆ ಬಂದವನೇ ಸಾಮಾನಿನ ಚೀಲ ಮೂಲೆಗೆ ಎಸೆದೆ. ಏನಾಯಿತೆಂದು ಹೆಂಡತಿ ಕೇಳಿದ್ದೇ ತಡ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡೆ: ಕಿವಿ, ಬಚ್ಚಲುಮನೆ, ಕಂಪನಿ, ಶಾಲೆ. ಅವಳು ಪೂರ್ತಿ ಕೇಳಿಸಿಕೊಂಡು ನನ್ನ ಬಲಗಡೆ ಕೂತಳು.

"ಕಿವಿ ವಿಷಯ ನಂಗೆ ಗೊತ್ತು ರೀ."

ಎಂದಿನ ದನಿ, ಸ್ವಲ್ಪವೂ ಏರಿಸಿರಲಿಲ್ಲ. ಊಟಕ್ಕೆ ಕೂತರೂ, ಬಸ್ಸಿನಲ್ಲಿ ಕೂತರೂ ಅವಳು ಈಚೆಗೆ ನನ್ನ ಬಲಕ್ಕೇ ಕೂರುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಿತು. ನನ್ನ ಒಳ್ಳೆಯ ಕಿವಿ ಬಲದ್ದು.

"ಯಾವಾಗಿಂದ ಗೊತ್ತು?"

"ಕುಕ್ಕರ್ ಕೂಗ್ತಾನೇ ಇದ್ರೂ ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಲ್ಲ, ಆವತ್ತಿಂದ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವು ಹೇಳಿರಲಿಲ್ವಲ್ಲ. ನೀವು ಹೇಳ್ದೇ ಇರೋದನ್ನ ನಾನ್ಯಾಕೆ ಬಾಯಿ ಬಿಡ್ಲಿ?"

ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶಾಲೆಯವರು ಮನಸ್ಸು ಬದಲಾಯಿಸಿರಬಹುದೇ ಎಂಬ ಆಸೆಯಿಂದ ಎತ್ತಿದೆ.

"ನಮಸ್ಕಾರ ಸರ್!" ಎಂದಿತು ಆ ಸಿಹಿ ದನಿ.