ಅಕ್ಕನ ಟಾರ್ಚಿಗೆ ತಮ್ಮನ ಬಲ್ಬು

ಕರೆಂಟು ಹೋದಾಗ ನಾನು ಲಾಂಡ್ರಿಯ ನೆಲಮಾಳಿಗೆಯಲ್ಲಿ ಬಾಯ್ಲರಿನ ಮುಂದಿದ್ದೆ. ಕರೆಂಟು ಹೋದರೆ ನೀರು ತುಂಬುವ ಪಂಪೂ ನಿಲ್ಲುತ್ತದೆ. ಕೆಳಗಿನ ಸೌದೆ ಮಾತ್ರ ತನ್ನ ಪಾಡಿಗೆ ಉರಿಯುತ್ತಲೇ ಇರುತ್ತದೆ. ಆಗ ಮೊದಲ ಕೆಲಸವೆಂದರೆ ತಲೆಯೆತ್ತರದ ಗಾಜಿನ ನಳಿಗೆಗೆ ಬೆಳಕು ಬಿಟ್ಟು ಒಳಗೆ ನೀರೆಷ್ಟಿದೆ ನೋಡುವುದು. ನೀರಿಲ್ಲದೆ ಕಾದರೆ ಬಾಯ್ಲರು ಸಿಡಿಯುತ್ತದೆ, ಅದಕ್ಕೆ ದೊಡ್ಡವರು ಚಿಕ್ಕವರು ಎಂಬ ಮುಲಾಜಿಲ್ಲ.

ಟಾರ್ಚು ಒತ್ತಿದೆ. ಹತ್ತಲಿಲ್ಲ. ತೊಡೆಗೆ ಬಡಿದೆ. ಊಹೂಂ. ಕಾಣದಿದ್ದರೆ ನೀರಿಲ್ಲ ಎಂದೇ ತಿಳಿಯಬೇಕು. ಉರಿಯುವ ಕೊಳ್ಳಿಗಳನ್ನೆಲ್ಲ ಹೊರಗೆಳೆದು ಮರಳು ಸುರಿದೆ. ಹಬೆ ಇಳಿಯಿತು, ಮೇಲೆ ಇಸ್ತ್ರಿ ನಿಂತಿತು, ಯಜಮಾನರು ಮೆಟ್ಟಿಲಿಳಿದು ಬಂದರು.

"ಆಸ್ಪತ್ರೆ ಬಟ್ಟೆ ಮಧ್ಯಾಹ್ನಕ್ಕೆ ಹೋಗ್ಬೇಕು. ಒಂದು ಟಾರ್ಚು ನೆಟ್ಟಗಿಟ್ಕೊಳ್ಳೋಕೆ ಬರಲ್ಲ, ಬಾಯ್ಲರ್ ಏನಮ್ಮ ನೋಡ್ತೀಯ? ನಾಳೆಯಿಂದ ಬಟ್ಟೆ ಮಡಚೋಕೆ ಹೋಗು."

ಅಪ್ಪನಿಂದ ಕಲಿತ ಕೆಲಸ ಒಂದೇ ಮಾತಿಗೆ ಕೈತಪ್ಪುವುದರಲ್ಲಿತ್ತು.

ಅಷ್ಟರಲ್ಲಿ ಅಲ್ಲೇ ಮೆಷಿನು ರಿಪೇರಿ ಮಾಡುವ ನನ್ನ ತಮ್ಮ ಬಂದ. ತನ್ನ ಫೋನಿನ ಬೆಳಕಿನಲ್ಲಿ ಟಾರ್ಚು ಬಿಚ್ಚಿದ.

"ಅಕ್ಕ, ಸೆಲ್ ತಲೆಕೆಳಗು ಹಾಕಿದೀಯ."

"ಅಪ್ಪ ಹಾಕ್ತಿದ್ದಿದ್ದೇ ಹಾಗೆ. ಮೂತಿ ಸ್ಪ್ರಿಂಗಿನೊಳಗೆ ಕೂತ್ರೆ ಅಲ್ಲಾಡಲ್ಲ. ಬೆಳಿಗ್ಗೆ ಗಡಗಡ ಅಂತಿತ್ತು, ಯಾರೋ ತಿರುಗಿಸಿದಾರೆ ಅಂತ ಸರಿ ಮಾಡ್ದೆ. ಇಷ್ಟು ವರ್ಷ ಹತ್ತಿಲ್ವಾ?"

"ಹಳೇ ಬಲ್ಬಿಗೆ ಹೆಂಗಿದ್ರೂ ನಡೆಯತ್ತೆ. ಎಲ್‌ಇಡಿಗೆ ನಡೆಯಲ್ಲ."

"ಯಾವ ಎಲ್‌ಇಡಿ?"

ಅವನು ಕತ್ತು ಕೆರೆದುಕೊಂಡ. "ನಿನ್ನೆ ಸಂಜೆ ನಾನೇ ಹಾಕ್ದೆ, ಸೆಲ್ಲೂ ತಿರುಗಿಸ್ದೆ. ಬೆಳಕು ಜಾಸ್ತಿ ಬರ್ಲಿ ಅಂತ."

"ಕೇಳಿದ್ನಾ ನಾನು?"

"ನಿನ್ನ ಒಳ್ಳೇದಕ್ಕೇ..."

"ಒಳ್ಳೇದು ಮಾಡೋನಿಗೆ ಬಾಯಿರಲ್ವಾ? ಹಾಕಿದೀನಿ ಅನ್ನೋಕೆ ನಾಲಿಗೆ ಸವೀತಿತ್ತಾ? ಅಡುಗೆಮನೆ ಮಿಕ್ಸಿ ಬಿಚ್ಚಿದೆ, ಗಡಿಯಾರ ಬಿಚ್ಚಿದೆ, ನಾನು ಸುಮ್ಮನಿದ್ದೆ. ಇದು ನನ್ನ ಪ್ರಾಣ ಕಣೋ."

ಯಜಮಾನರಿಗೆ ನಗು ಬಂತು. "ಹುಡುಗ ಬುದ್ಧಿವಂತ. ಬಾಯ್ಲರ್ ಇನ್ಮೇಲೆ ಅವನೇ ನೋಡ್ಕೊಳ್ಳಲಿ ಬಿಡು."

ಗಾಯದ ಮೇಲೆ ಬರೆ. ಬೆಂಕಿ ಎಳೆದವಳು ನಾನು, ಬುದ್ಧಿವಂತ ಅವನು. ತಮ್ಮನ ಮುಖವನ್ನೇ ನೋಡಿದೆ. ಹೂಂ ಅಂದಿದ್ದರೆ ಅಲ್ಲಿಗೆ ನಮ್ಮಿಬ್ಬರ ಋಣ ಹರಿದಂತೆ.

"ಬೇಡ ಸಾರ್," ಎಂದ. "ಟಾರ್ಚ್ ಮುಟ್ಟಿದ್ದಕ್ಕೇ ಅಕ್ಕನ್ನ ಸಾಯಿಸ್ತಿದ್ದೆ. ಬಾಯ್ಲರ್ ಮುಟ್ಟಿದ್ರೆ... ನಿಮ್ಮ ಕುರ್ಚಿ ಇರೋದು ಇದರ ನೆತ್ತಿ ಮೇಲೇ."

ಯಜಮಾನರು ಮೇಲಿನ ಸೂರು ನೋಡಿದರು. ಬಾಯ್ಲರು ನೋಡಿದರು. "ಅವಳೇ ಇರ್ಲಿ," ಎಂದು ಗೊಣಗಿ ಮೆಟ್ಟಿಲು ಹತ್ತಿದರು.

ಟಾರ್ಚು ಕಿತ್ತುಕೊಂಡು ಸೆಲ್ಲುಗಳನ್ನು ನಾನೇ ತಿರುಗಿಸಿ ನಳಿಗೆಗೆ ಬೆಳಕು ಬಿಟ್ಟೆ. ಹಾಲಿನಂಥ ಬೆಳಕು. ಗಾಜಿನಲ್ಲಿ ಒಂದು ಹನಿ ನೀರಿಲ್ಲದ್ದು ಇಬ್ಬರಿಗೂ ಕಂಡಿತು.

ತಮ್ಮನ ಮುಖ ಬಿಳುಚಿತು. "ಅಕ್ಕ..."

"ಇವತ್ತು ನಿನ್ನ ಹತ್ರ ಮಾತಿಲ್ಲ," ಎಂದೆ. "ಸಲಿಕೆ ತಗೊ. ಆ ಬೂದಿ ಎಲ್ಲ ಬಳಿ."